ಒಡೆತನ, ಕೋಟೆ, ಮಠ: ನಡುಗಾಲದ ಕೆಲವು ಕನ್ನಡ ಪದಗಳ ವಿವೇಚನೆ

ಈ ಸ್ಮರಣ ಸಂಪುಟದ ಸಂಪಾದಕ ಮಂಡಲಿಯವರು ನನ್ನನ್ನು ಕಂಡು, "ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಪಯುಕ್ತವಾಗುವ ಒಂದು ಲೇಖನವನ್ನು ಬರೆದುಕೊಡಬೇಕು" ಎಂದು ಕೇಳಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಸಂದೇಹ ನನಗೆ ಬಹಳ ಹೊತ್ತು ಉಳಿಯಲಿಲ್ಲ. ಅನೇಕ ವರ್ಷಗಳಿಂದ ನನ್ನ ಮನಸ್ಸಿನಲ್ಲಿ ಒಂದು ಋಣ ಉಳಿದಿದೆ. ಅದು ಒಂದು ಪದದ ಋಣ. ಅದನ್ನು ಈ ಸಂದರ್ಭದಲ್ಲಿಯಾದರೂ ತೀರಿಸೋಣವೆಂದು ಈ ಬರಹಕ್ಕೆ ಕೈಹಚ್ಚಿದ್ದೇನೆ.

ನಾನು ಕನ್ನಡ ಪಂಡಿತನಾಗಿ ಸೇವೆಗೆ ಸೇರಿದ ಹೊಸತು. ಹಳಗನ್ನಡ ಪಾಠ ನಡೆಯುತ್ತಿದ್ದಾಗ ಒಕ್ಕಲು ಮನೆತನದ ಒಬ್ಬ ಹುಡುಗ ಎದ್ದು ನಿಂತು, "ಗುರುಗಳೆ, ನಮ್ಮದೊಂದು ಹೊಲಕ್ಕೆ ಕೊಡಗಿ ಹೊಲ ಅಂತಾರೆ. ಕೊಡಗಿ ಅಂದರೆ ಏನು?" ಎಂದು ಕೇಳಿದ. ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದ ಹೆಮ್ಮೆ ನನ್ನಲ್ಲಿ ಇನ್ನೂ ಆರಿರಲಿಲ್ಲ. ಗೊತ್ತಿಲ್ಲವೆನ್ನಲು ನಾಲಗೆ ಬರಲಿಲ್ಲ. "ಹಿಂದೆ ಕೊಡಗಿನ ಕಡೆಯಿಂದ ಬಂದವರು ಯಾರೋ ಉಳುತ್ತಿದ್ದಿರಬೇಕು" ಎಂದುಬಿಟ್ಟೆ. ಹುಡುಗ ನಂಬಿ ಕುಳಿತುಕೊಂಡ. ಗುರುವಿನ ಮಾತನ್ನು ಶಿಷ್ಯ ನಂಬುತ್ತಾನೆ. ಆದುದರಿಂದಲೇ ಗುರುವಿನ ತಪ್ಪು ಬೇರೆಯವರ ತಪ್ಪಿಗಿಂತ ದೊಡ್ಡದು. ಆ ಉತ್ತರ ಎಷ್ಟು ದೂರ ಹೋಯಿತು, ಅದರಿಂದ ಏನಾಯಿತು ಎಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಆ ಪದದ ಬಂಧುಬಳಗವನ್ನು ವಾಚಕರಿಗೆ ಪರಿಚಯಿಸುವುದು ಅಗತ್ಯ.

೧. ಒಡೆಯ ಮತ್ತು ಆಳು

ಕದಂಬರ ಕಾಲದಿಂದ ವಿಜಯನಗರದ ಕಾಲದವರೆಗಿನ ಸುಮಾರು ಸಾವಿರದ ಇನ್ನೂರು ವರ್ಷಗಳಲ್ಲಿ ಕನ್ನಡ ನಾಡಿನ ರಾಜ್ಯವ್ಯವಸ್ಥೆಯು ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾಗಿತ್ತು. ಚಕ್ರವರ್ತಿಯ ಕೆಳಗೆ ಮಹಾಮಂಡಲೇಶ್ವರ, ಅವನ ಕೆಳಗೆ ಮಹಾಸಾಮಂತ ಮತ್ತು ಸಾಮಂತ, ಅವರ ಕೆಳಗೆ ನಾಡನ್ನು ನೋಡಿಕೊಳ್ಳುವ ನಾಳ್ಗಾವುಂಡ, ಊರನ್ನು ನೋಡಿಕೊಳ್ಳುವ ಊರ್ಗಾವುಂಡ. ಇವರಲ್ಲಿ ಪ್ರತಿಯೊಬ್ಬನೂ ಮೇಲಿನವನಿಗೆ ಆಳು, ಕೆಳಗಿನವನಿಗೆ ಒಡೆಯ. ಶಾಸನಗಳು ಈ ಸಂಬಂಧವನ್ನು 'ತತ್ಪಾದಪದ್ಮೋಪಜೀವಿ' ಎಂಬ ಒಂದೇ ಸಮಾಸದಲ್ಲಿ ಹೇಳಿ ಮುಗಿಸುತ್ತವೆ. ಆತನ ಪಾದಕಮಲವನ್ನು ಆಶ್ರಯಿಸಿ ಬದುಕುವವನು ಎಂಬುದು ಇದರ ಶಬ್ದಾರ್ಥ. ಆತನ ಅಧೀನದಲ್ಲಿ ಅಧಿಕಾರ ನಡೆಸುವವನು ಎಂಬುದು ವ್ಯವಹಾರದ ಅರ್ಥ.

'ಸಾಮಂತ' ಶಬ್ದದ ಚರಿತ್ರೆಯೇ ಒಂದು ಪಾಠ. ಸಂಸ್ಕೃತದಲ್ಲಿ ಮೊದಲು ಅದಕ್ಕೆ ನೆರೆಯವನು, ಎಲ್ಲೆಗೆ ಹತ್ತಿಕೊಂಡಿರುವ ರಾಜ ಎಂದಷ್ಟೇ ಅರ್ಥವಿತ್ತು. ನೆರೆಯವನನ್ನು ಗೆದ್ದು, ಅವನ ನೆಲವನ್ನು ಅವನಿಗೇ ಬಿಟ್ಟುಕೊಟ್ಟು, ಕಪ್ಪವನ್ನೂ ಸೈನ್ಯವನ್ನೂ ಪಡೆಯುವ ಪದ್ಧತಿ ಬೆಳೆದಂತೆ ನೆರೆಯವನೇ ಅಧೀನನಾದ. ಶಬ್ದವೂ ಅವನ ಹಿಂದೆಯೇ ಇಳಿದುಬಂದಿತು. ರಾಜಕೀಯದಲ್ಲಿ ಸೋತವರೊಡನೆ ಅವರ ಹೆಸರೂ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

'ಮಹಾಮಂಡಲೇಶ್ವರ' ಎಂಬ ಬಿರುದನ್ನು ಕಂಡಾಗಲೂ ಎಚ್ಚರಿಕೆ ಬೇಕು. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು ವಿಶಾಲ ರಾಜ್ಯವನ್ನಾಳಿದರೂ ಕಲ್ಯಾಣದ ಚಾಲುಕ್ಯರ ಲೆಕ್ಕದಲ್ಲಿ ಮಹಾಮಂಡಲೇಶ್ವರನೇ. ಕಲಚುರಿ ಬಿಜ್ಜಳನೂ ಮೊದಲು ಮಹಾಮಂಡಲೇಶ್ವರನಾಗಿದ್ದು, ಒಡೆಯನ ಬಲ ಕುಂದಿದಾಗ ಸಿಂಹಾಸನವನ್ನೇ ಏರಿದ. ಬಿರುದು ವಿನಯವನ್ನು ತೋರುತ್ತಿದ್ದರೂ ಅದರ ಹಿಂದಿನ ಬಲವನ್ನು ಬೇರೆಯಾಗಿ ಅಳೆಯಬೇಕಾಗುತ್ತದೆ. ಹಾಗೆಯೇ 'ಪುರವರಾಧೀಶ್ವರ' ಎಂಬ ಮಾತು. ಹೊಯ್ಸಳರು ತಮ್ಮನ್ನು ದ್ವಾರಾವತೀ ಪುರವರಾಧೀಶ್ವರರೆಂದೂ, ಕಲಚುರಿಗಳು ಕಾಲಂಜರ ಪುರವರಾಧೀಶ್ವರರೆಂದೂ ಕರೆದುಕೊಂಡರು. ಕಲ್ಯಾಣದಲ್ಲಿ ಆಳುತ್ತಿದ್ದ ಕಲಚುರಿಗಳ ಕೈಯಲ್ಲಿ ಉತ್ತರ ದೇಶದ ಕಾಲಂಜರದ ಕೋಟೆಯಿರಲಿಲ್ಲ. ಅದು ವಂಶದ ಮೂಲಸ್ಥಾನವನ್ನು ನೆನೆಯುವ ಹೆಮ್ಮೆಯ ಮಾತು. ಬಿರುದನ್ನು ಭೂಪಟವೆಂದು ತಿಳಿದು ಓದಿದ ವಿದ್ಯಾರ್ಥಿ ದಾರಿ ತಪ್ಪುತ್ತಾನೆ.

ಅಧೀನರಾಜರಿಗೆ ಚಕ್ರವರ್ತಿಯು ಕೊಡುತ್ತಿದ್ದ ಗೌರವಗಳಲ್ಲಿ 'ಪಂಚಮಹಾಶಬ್ದ' ಮುಖ್ಯವಾದದ್ದು. ಶಬ್ದವೆಂದೊಡನೆ ವ್ಯಾಕರಣವನ್ನು ನೆನೆಯುವ ನಮ್ಮಂಥವರು ಇಲ್ಲಿ ಎಡವುವುದುಂಟು. ಇವು ಐದು ವಾದ್ಯಗಳು. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಇವನ್ನು ಎಣಿಸಿಕೊಡುತ್ತದೆ. ಈ ಐದನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು ಯಾರಿಗಿತ್ತೋ ಅವನು 'ಸಮಧಿಗತ ಪಂಚಮಹಾಶಬ್ದ'. ವಿದೇಶದ ವಿದ್ವಾಂಸರು ಶಾಸನಗಳನ್ನು ಓದುತ್ತ ಈ ಪದದ ಎದುರು ನಿಂತಾಗ, ಅರ್ಥ ಬಿಡಿಸಲು ನೆರವಾದ ಗ್ರಂಥಗಳಲ್ಲಿ ನಮ್ಮ ಮಠಗಳಲ್ಲಿ ಓದುತ್ತಿದ್ದ ಈ ಗ್ರಂಥವೂ ಒಂದೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಅರಮನೆಯ ಒಳಗಿನ ಹುದ್ದೆಗಳ ಹೆಸರುಗಳೂ ಸ್ವಾರಸ್ಯವಾದವು. ಮನೆಯ ಆಡಳಿತ ನೋಡುವವನು ಮನೆವೆರ್ಗಡೆ. ಬಾಗಿಲು ಕಾಯುವವನು ಪಡಿಹಾರ ಅಥವಾ ಪಡಿಯರ, ಇದು ಸಂಸ್ಕೃತದ ಪ್ರತಿಹಾರ ಶಬ್ದದ ತದ್ಭವ. ಯುದ್ಧ ಮತ್ತು ಒಪ್ಪಂದಗಳ ಕಾರ್ಯ ನೋಡುವವನು ಸಂಧಿವಿಗ್ರಹಿ. ಲೆಕ್ಕಪತ್ರ ಬರೆಯುವವನು ಸೇನಬೋವ. ದೊಡ್ಡ ಸುಂಕವಾದ ಪೆರ್ಜುಂಕವನ್ನು ಎತ್ತುವವನು ಸುಂಕವೆರ್ಗಡೆ. ಒಡೆಯನ ಎಲೆ ಅಡಕೆಯ ಚೀಲವನ್ನು ಹಿಡಿದು ಸದಾ ಪಕ್ಕದಲ್ಲಿರುವವನು ಹಡಪವಳ. ವಿಷವಿಕ್ಕುವ ಭಯವಿದ್ದ ಆ ಕಾಲದಲ್ಲಿ ಬಾಯಿಗೆ ಹಾಕಿಕೊಳ್ಳುವ ವೀಳ್ಯವನ್ನು ಯಾರ ಕೈಯಲ್ಲಿಡುತ್ತಾರೆಂಬುದು ಸಣ್ಣ ಮಾತಲ್ಲ. ಹಡಪ ಹಿಡಿದವನೆಂದರೆ ಪರಮ ವಿಶ್ವಾಸಿ ಎಂದೇ ಅರ್ಥ. ಪೆರ್ಗಡೆ ಹೆಗ್ಗಡೆಯಾಗಿ ಹೆಗಡೆಯಾದದ್ದು, ಗಾಮುಂಡನು ಗಾವುಂಡನಾಗಿ ಗೌಡನಾದದ್ದು, ಸೇನಬೋವನು ಶಾನುಭೋಗನಾದದ್ದು, ಇವೆಲ್ಲ ನಮ್ಮ ಹಾಜರಿ ಪುಸ್ತಕದಲ್ಲಿ ಇಂದಿಗೂ ಕಾಣುವ ಚರಿತ್ರೆ.

ಬನವಾಸಿ ೧೨,೦೦೦, ನೊಳಂಬವಾಡಿ ೩೨,೦೦೦, ಗಂಗವಾಡಿ ೯೬,೦೦೦, ಬೆಳ್ವೊಲ ೩೦೦ ಎಂದು ನಾಡಿನ ಹೆಸರಿನ ಮುಂದೆ ಬರುವ ಸಂಖ್ಯೆಗಳ ಬಗ್ಗೆಯೂ ಎರಡು ಮಾತು ಅಗತ್ಯ. ೧೨, ೩೦, ೭೦ ಮುಂತಾದ ಸಣ್ಣ ಸಂಖ್ಯೆಗಳು ಆ ಗುಂಪಿನ ಹಳ್ಳಿಗಳನ್ನು ಸೂಚಿಸುತ್ತವೆಂದು ಹೇಳಲು ಅಡ್ಡಿಯಿಲ್ಲ. ದೊಡ್ಡ ಸಂಖ್ಯೆಗಳು ಹಳ್ಳಿಗಳೋ ಹುಟ್ಟುವಳಿಯ ಪ್ರಮಾಣವೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪರೀಕ್ಷೆಯ ಉತ್ತರದಲ್ಲಿ "ಗಂಗವಾಡಿಯಲ್ಲಿ ೯೬,೦೦೦ ಹಳ್ಳಿಗಳಿದ್ದವು" ಎಂದು ಬರೆಯಬಾರದೆಂದು ವಿದ್ಯಾರ್ಥಿಗಳಿಗೆ ನಾನು ಪ್ರತಿ ವರ್ಷವೂ ಹೇಳುತ್ತಿರುತ್ತೇನೆ.

೨. ನೆತ್ತರು ಮತ್ತು ನೆಲ

ಒಡೆಯನು ಕೂಳು ಕೊಡುತ್ತಾನೆ, ಆಳು ಪ್ರಾಣ ಕೊಡುತ್ತಾನೆ. ಈ ಕೊಡುಕೊಳೆಯೇ ಆ ವ್ಯವಸ್ಥೆಯ ಬುನಾದಿ. ಉಂಡ ಜೋಳಕ್ಕೆ ಪ್ರತಿಯಾಗಿ ಸಲ್ಲಿಸಬೇಕಾದ ಕರ್ತವ್ಯಕ್ಕೆ 'ಜೋಳವಾಳಿ' ಎಂದು ಹೆಸರು. "ಉಂಡ ಮನೆಗೆ ಎರಡು ಬಗೆಯಬಾರದು" ಎಂದು ನಮ್ಮ ಹಿರಿಯರು ಹೇಳುವಾಗ ಆ ಜೋಳವಾಳಿಯೇ ಗಾದೆಯ ರೂಪದಲ್ಲಿ ಮಾತನಾಡುತ್ತದೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಕರ್ಣನು ತನ್ನ ಜನ್ಮವೃತ್ತಾಂತ ತಿಳಿದ ಮೇಲೂ ದುರ್ಯೋಧನನನ್ನು ಬಿಡಲಾರದೆ ಹೋದದ್ದನ್ನು ಈ ಪದದ ಬೆಳಕಿನಲ್ಲಿ ಓದಿದರೆ ಅರ್ಥ ಆಳವಾಗುತ್ತದೆ. ಕವಿಯಾದರೂ ಈ ವ್ಯವಸ್ಥೆಯ ಹೊರಗಿನವನಲ್ಲ. ಪಂಪನು ರಾಷ್ಟ್ರಕೂಟರ ಅಧೀನನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದು, ಕಾವ್ಯಕ್ಕೆ ಸಂಭಾವನೆಯಾಗಿ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನು.

ಜೋಳವಾಳಿಗಿಂತ ತೀವ್ರವಾದದ್ದು 'ವೇಳೆವಾಳಿ'. ಒಡೆಯನು ಸತ್ತರೆ ತಾನೂ ಸಾಯುವೆನೆಂದು ಮೊದಲೇ ಮಾಡುವ ಪ್ರತಿಜ್ಞೆಗೆ 'ವೇಳೆ' ಎಂದು ಹೆಸರು. ಹೀಗೆ ಬದ್ಧನಾದ ಸೇವಕನು 'ಲೆಂಕ'. ಹೊಯ್ಸಳರಲ್ಲಿ ಇಂಥವರನ್ನು 'ಗರುಡ'ರೆಂದು ಕರೆದರು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಎಂಬುದು ಭಾವ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನು ತನ್ನ ಪತ್ನಿ ಮತ್ತು ಲೆಂಕರೊಡನೆ ಪ್ರಾಣವನ್ನರ್ಪಿಸಿದ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಇಂದಿಗೂ ಸಾರುತ್ತಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳು ಆ ಕಂಬದ ಮೇಲಿವೆ. ಪ್ರವಾಸಕ್ಕೆ ಹೋದ ನಮ್ಮ ಮಕ್ಕಳು ದೇವಾಲಯದ ಕುಸುರಿ ಕೆಲಸವನ್ನು ನೋಡಿ, ಆ ಕಂಬವನ್ನು ನೋಡದೆ ಬರುತ್ತಾರೆ. ಇದನ್ನು ಕೊಂಡಾಡಬೇಕೆಂದು ನಾನು ಹೇಳುವುದಿಲ್ಲ. ಒಬ್ಬ ಮನುಷ್ಯನ ಸಾವಿನೊಡನೆ ಅನೇಕರ ಸಾವನ್ನು ಕಟ್ಟಿಹಾಕಿದ ಪದ್ಧತಿಯನ್ನು ಇಂದು ಯಾರೂ ಮೆಚ್ಚಲಾರರು. ಆದರೆ ಮೆಚ್ಚುವುದು ಬೇರೆ, ತಿಳಿಯುವುದು ಬೇರೆ.

ಊರುಗಳಲ್ಲಿ ನಿಂತ ವೀರಗಲ್ಲುಗಳು ಕಾಳಗದ ಕಾರಣಗಳನ್ನೂ ಹೆಸರಿಸುತ್ತವೆ. ಹಸುಗಳನ್ನು ಹಿಡಿದೊಯ್ಯುವುದು ತುರುಗೊಳ್; ಹೆಂಗಸರನ್ನು ಸೆಳೆದೊಯ್ದಾಗ ಏಳುವ ಕೂಗು ಪೆಣ್ಬುಯ್ಯಲ್; ಊರಿನ ನಾಶ ಊರಳಿವು. ಈ ಮೂರೂ ಪದಗಳು ಸಾಮಾನ್ಯ ಜನರ ಸಂಕಟದ ಪದಗಳು. ಅರಸರ ಯುದ್ಧದಲ್ಲಿ ಸತ್ತವರಿಗೆ ಕಲ್ಲು ನಿಂತಂತೆಯೇ, ನೆರೆಯ ಮನೆಯ ಆಕಳನ್ನು ಬಿಡಿಸಿಕೊಳ್ಳಹೋಗಿ ಸತ್ತ ಹೊಲೆಯ, ಬೇಡ, ಒಕ್ಕಲಿಗರಿಗೂ ಕಲ್ಲು ನಿಂತಿವೆ.

ಹೀಗೆ ಸತ್ತವನ ಮನೆಯವರಿಗೆ ಜೀವನಾಧಾರವಾಗಿ ಬಿಟ್ಟ ಭೂಮಿಯೇ 'ನೆತ್ತರುಗೊಡಗೆ'. ನೆತ್ತರು, ಕೊಡಗೆ ಎಂದು ಪದಚ್ಛೇದ. ಕೊಡು ಎಂಬ ಧಾತುವಿನಿಂದ ಕೊಡಗೆ. ಕೊಡಗಿ ಎಂಬುದು ಅದರ ರೂಪಾಂತರ. ಕೆರೆಯನ್ನು ಕಟ್ಟಿಸಿದವನಿಗೋ ನೋಡಿಕೊಳ್ಳುವವನಿಗೋ ಕೊಟ್ಟದ್ದು ಕೆರೆಗೊಡಗೆ ಅಥವಾ ಕಟ್ಟುಗೊಡಗೆ. ಕೆರೆಯ ಸಲುವಾಗಿ ಬಿಟ್ಟ ಇನ್ನೊಂದು ಬಗೆಯ ದತ್ತಿ ಬಿತ್ತುವಟ್ಟ. ಕೊಡಿಗೆಹಳ್ಳಿ ಎಂಬ ಹೆಸರಿನ ಊರುಗಳು ಈ ಕೊಡಗೆಯನ್ನೇ ನೆನಪಿಗೆ ತರುತ್ತವೆ. ನನ್ನ ವಿದ್ಯಾರ್ಥಿಯ ಹೊಲದ ಹೆಸರಿಗೂ ಕೊಡಗು ನಾಡಿಗೂ ಏನೇನೂ ಸಂಬಂಧವಿರಲಿಲ್ಲವೆಂಬುದು ವಾಚಕರಿಗೆ ಈಗ ಸ್ಪಷ್ಟವಾಗಿರಬಹುದು.

ಬದುಕಿ ಬಂದ ವೀರನಿಗೆ ಕೊಡುವ ದತ್ತಿಯ ಹೆಸರು 'ಬಾಳ್ಗಚ್ಚು'. ಬಾಳ್ ಎಂದರೆ ಕತ್ತಿ. ಕೞ್ಚು, ಕರ್ಚು, ಕಚ್ಚು ಎಂದರೆ ತೊಳೆ. ಕಾಳಗದಿಂದ ಬಂದವನ ಕತ್ತಿಯ ನೆತ್ತರನ್ನು ತೊಳೆದು ಮಾಡುವ ಗೌರವದೊಡನೆ ಬರುವ ಭೂಮಿ ಇದು. ಸುಮಾರು ಕ್ರಿ.ಶ. ೪೫೦ರದೆಂದು ಎಣಿಸಲಾದ, ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿಯೇ ಈ ಪದವಿದೆ. ವಿಜ ಅರಸನೆಂಬ ವೀರನಿಗೆ ಅಲ್ಲಿ ಊರುಗಳು ಬಾಳ್ಗಚ್ಚಾಗಿ ದೊರೆತವು. ನಮ್ಮ ಭಾಷೆಯ ಅತ್ಯಂತ ಪ್ರಾಚೀನ ಶಾಸನಗಳಲ್ಲೊಂದರ ವಿಷಯವೇ ಕತ್ತಿ ತೊಳೆದು ಕೊಟ್ಟ ದತ್ತಿ ಎಂಬುದು ಗಮನಾರ್ಹ.

ಇದಾದ ಐನೂರು ವರ್ಷಗಳ ಮೇಲೆ, ಕ್ರಿ.ಶ. ೯೪೯-೫೦ರ ಆತಕೂರು ಶಾಸನದಲ್ಲಿಯೂ ಅದೇ ಪದ. ಇಂದಿನ ಮದ್ದೂರು ತಾಲ್ಲೂಕಿನ ಈ ಊರಿನ ಶಾಸನವು ಮೂರು ಹಂತದ ಒಡೆತನವನ್ನು ಒಂದೇ ಕಲ್ಲಿನಲ್ಲಿ ತೋರುತ್ತದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ ೧೨,೦೦೦, ಬೆಳ್ವೊಲ ೩೦೦ ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗನು ತನ್ನ ಆಳಾದ ಮಣಲೆರನಿಗೆ ಆತಕೂರು ೧೨ನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಏನು ಬೇಕೋ ಕೇಳಿಕೊ ಎಂದಾಗ ಮಣಲೆರನು ಕೇಳಿದ್ದು ಒಡೆಯನ ಕಾಳಿ ಎಂಬ ಬೇಟೆನಾಯನ್ನು. ಆ ಕಾಳಿಯು ಕಾಡುಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಅದಕ್ಕೂ ಭೂಮಿ ಬಿಟ್ಟು, ಅಲ್ಲಿನ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪ ತಟ್ಟುವುದೆಂದು ಬರೆಸಿದರು. ನಾಯಿ ಹಂದಿಗಳ ಹೋರಾಟದ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಗೊರವನೆಂದರೆ ಶೈವ ತಪಸ್ವಿ ಎಂದು ತಿಳಿಯದವನಿಗೆ, ಬಾಳ್ಗಚ್ಚೆಂದರೇನೆಂದು ತಿಳಿಯದವನಿಗೆ ಆ ಕಲ್ಲು ಬರಿಯ ಚಿತ್ರ.

೩. ಕೋಟೆಯ ನುಡಿ

ಕೋಟೆಗೆ ಸಂಬಂಧಿಸಿದ ಪದಗಳು ನಮ್ಮಲ್ಲಿ ಎರಡು ಪದರಗಳಾಗಿ ನಿಂತಿವೆ. ಕೆಳಗಿನದು ಅಚ್ಚಗನ್ನಡ ಮತ್ತು ಸಂಸ್ಕೃತಮೂಲದ ಪದರ. ಅದರ ಮೇಲೆ ಬಹಮನಿ ರಾಜ್ಯ ೧೩೪೭ರಲ್ಲಿ ಸ್ಥಾಪಿತವಾದ ಮೇಲೆ ಆಡಳಿತದೊಡನೆ ಹರಡಿದ ಅರಬ್ಬಿ ಪಾರಸಿ ಮೂಲದ ಪದರ.

ಕೋಟೆಯ ಸುತ್ತಣ ನೀರಿನ ಹಳ್ಳವನ್ನು ನಾವಿಂದು ಕಂದಕವೆನ್ನುತ್ತೇವೆ. ಇದು ಕನ್ನಡದ್ದೆಂದೇ ಅನೇಕರ ಭಾವನೆ. ಇದು ಪಾರಸಿ ಮೂಲದಿಂದ ಅರಬ್ಬಿಯ ಮೂಲಕ ಬಂದದ್ದು. ಇದಕ್ಕೆ ಮೊದಲಿದ್ದ ನಮ್ಮ ಪದ 'ಅಗಳ್' ಅಥವಾ 'ಅಗಳು'. ಅಗೆ ಎಂಬ ಅರ್ಥದ ಧಾತುವಿನಿಂದ ಬಂದ ಇದಕ್ಕೆ ತಮಿಳಿನ ಅಗಳಿ ಸೋದರಿ. ಕೋಟೆಯ ಗೋಡೆಯಿಂದ ಮುಂಚಾಚಿದ ಗಟ್ಟಿ ಕಟ್ಟಡ ಕೊತ್ತಳ. ಅದರ ಸ್ಥಾನಕ್ಕೆ ಬಂದು ಕುಳಿತ ಅರಬ್ಬಿ ಪದ ಬುರುಜು. ಕೋಟೆಯ ಜೊತೆಗೆ ಕಿಲ್ಲೆ ಬಂದಿತು, ಕೋಟೆಯ ಕಾವಲಧಿಕಾರಿ ಕಿಲ್ಲೇದಾರನಾದ. ಗೋಡೆಯ ಮೇಲೆ ಆಳುಗಳು ನಿಂತು ಕಾದುವ ಜಾಗ ಆಳ್ವೇರಿ. ಆಳು, ಏರಿ ಎಂದು ಇದನ್ನು ಬಿಡಿಸಿ ನೋಡಬಹುದು. ಮೇಲಿನ ಕಾವಲು ಉಪ್ಪರಿಗೆ ಅಟ್ಟಳೆ, ಇದು ಸಂಸ್ಕೃತದ ಅಟ್ಟಾಲದಿಂದ ಬಂದುದು. ಕಲ್ಲುಗಳನ್ನು ಎಸೆಯುವ ಯಂತ್ರ ಡೆಂಕಣಿ.

ಗೋಡೆಯ ನೆತ್ತಿಯಲ್ಲಿ ಸಾಲಾಗಿ ನಿಂತ ಹಲ್ಲಿನಂಥ ಕಟ್ಟಡಗಳಿಗೆ ಹಿಂದಿನವರು 'ತೆನೆ' ಎಂದರು. ಜೋಳದ ತೆನೆಯನ್ನು ಬಲ್ಲ ಹುಡುಗರು "ಕೋಟೆಯ ತೆನೆ" ಎಂಬುದನ್ನು ಕಾವ್ಯದಲ್ಲಿ ಓದಿ ನಗುತ್ತಾರೆ. ನಗುವ ಮಾತೇನೂ ಅಲ್ಲ. ಬೆಳೆದ ಹೊಲದ ಅಂಚಿನಲ್ಲಿ ನಿಂತು ಆಕಾಶಕ್ಕೆದುರಾಗಿ ತೆನೆಗಳ ಸಾಲನ್ನು ನೋಡಿದವನಿಗೆ, ಸಂಜೆಯ ಹೊತ್ತು ಕೋಟೆಯ ಗೋಡೆಯ ಮೇಲಂಚನ್ನು ನೋಡಿದವನಿಗೆ, ಒಂದೇ ಪದ ಎರಡಕ್ಕೂ ಸಲ್ಲುವುದು ಸಹಜವಾಗಿ ಕಾಣುತ್ತದೆ. ಕೋಟೆ ಕಟ್ಟಿದ ಕೈಗಳು ಒಕ್ಕಲುತನದ ಕೈಗಳೇ ತಾನೆ.

ವಿಜಯನಗರದ ಕಾಲದಲ್ಲಿ ಸೈನ್ಯವನ್ನು ಸಾಕುವ ಕರಾರಿನ ಮೇಲೆ ನಾಯಕರಿಗೆ ಕೊಟ್ಟ ಭೂಮಿಗೆ ಅಮರವೆಂದೂ, ಪಡೆದವರಿಗೆ ಅಮರನಾಯಕರೆಂದೂ ಹೆಸರಾಯಿತು. ಸೈನ್ಯದ ಬೀಡಿಗೆ ಪಾಳೆಯವೆಂದು ಹೆಸರು, ಅದರಿಂದ ಪಾಳೆಯಗಾರ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಇಂಥ ನಾಯಕರ ಸಾಹಸದ ಕುರುಹು. ೧೭೭೯ರಲ್ಲಿ ಅದು ಹೈದರಾಲಿಯ ವಶವಾಯಿತು. 'ಬೀಡು' ಎಂಬ ಪದವೂ ಇಂಥದೇ. ದೋರಸಮುದ್ರವು ಹಾಳಾದ ಮೇಲೆ ಜನರು ಅದನ್ನು ಹಳೆಯ ಬೀಡು ಎಂದರು. ರಾಜಧಾನಿಯ ಹೆಸರು ಮರೆತು ಹಳೇಬೀಡು ಉಳಿಯಿತು.

೪. ಮಠ ಮತ್ತು ವಿದ್ಯೆ

ಕೋಟೆಯ ಪದಗಳನ್ನು ಹೇಳಿ ಮಠದ ಪದಗಳನ್ನು ಬಿಟ್ಟರೆ ನಡುಗಾಲದ ಅರ್ಧವನ್ನೇ ಹೇಳಿದಂತಾಗುತ್ತದೆ. ಅಮರಕೋಶವು ಮಠವೆಂಬುದಕ್ಕೆ ಛಾತ್ರರೇ ಮೊದಲಾದವರ ನಿಲಯವೆಂದು ಅರ್ಥ ಹೇಳುತ್ತದೆ. ಅಂದರೆ ಮಠವೆಂಬ ಪದದ ಅರ್ಥದಲ್ಲಿ ಮೊದಲು ನಿಲ್ಲುವವನು ವಿದ್ಯಾರ್ಥಿ. ಮಠವು ಶಾಲೆಯನ್ನು ನಡೆಸುವುದು ಹೊಸದಾಗಿ ತಲೆಯ ಮೇಲೆ ಹೊತ್ತುಕೊಂಡ ಹೊರೆಯಲ್ಲ, ಪದದೊಳಗೇ ಇರುವ ಧರ್ಮ ಎಂದು ನಾನು ಭಾವಿಸಿದ್ದೇನೆ.

ಇದಕ್ಕೆ ಶಾಸನಗಳ ಸಾಕ್ಷ್ಯ ಬೇಕಾದಷ್ಟಿದೆ. ಬಳ್ಳಿಗಾವೆಯ ಕೋಡಿಯಮಠವು ಕಾಳಾಮುಖ ಶೈವರದು. ಅಲ್ಲಿಯ ೧೧೬೨ರ ಶಾಸನವು ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಬೇರೆ ಬೇರೆ ಪಂಥಗಳ ಸನ್ಯಾಸಿಗಳಿಗೆ ಅನ್ನ ಸಲ್ಲುತ್ತಿದ್ದುದನ್ನೂ, ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನೂ, ಸಕಲ ಜೀವಿಗಳಿಗೆ ಅದು ಅಭಯಸ್ಥಾನವಾಗಿದ್ದುದನ್ನೂ ವಿವರವಾಗಿ ವರ್ಣಿಸುತ್ತದೆ. ಜೈನ ಕ್ಷಪಣಕನಿಗೂ ಶೈವಮಠದಲ್ಲಿ ಊಟವಿತ್ತು ಎಂಬುದನ್ನು ಗಮನಿಸಬೇಕು.

ಉನ್ನತ ವಿದ್ಯೆಯ ಸ್ಥಾನಕ್ಕೆ ಘಟಿಕಾಸ್ಥಾನವೆಂದು ಹೆಸರು. ಕದಂಬ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದುದನ್ನು ತಾಳಗುಂದದ ಶಾಸನ ಹೇಳುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಚಾಲುಕ್ಯ ತ್ರೈಲ್ಯೋಕ್ಯಮಲ್ಲ ಸೋಮೇಶ್ವರನ ಅಧಿಕಾರಿ ಮಧುಸೂದನನು ಸ್ಥಾಪಿಸಿದ ಘಟಿಕಾಸ್ಥಾನದ ವಿವರ ೧೦೫೮ರ ಶಾಸನದಲ್ಲಿದೆ. ವೇದವನ್ನು ಓದುವ ೨೦೦ ವಿದ್ಯಾರ್ಥಿಗಳಲ್ಲದೆ ಶಾಸ್ತ್ರಾಧ್ಯಯನ ಮಾಡುವವರೂ, ಅವರ ಉಪಾಧ್ಯಾಯರೂ, ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ 'ಸರಸ್ವತೀ ಭಂಡಾರಿಗ'ರೂ ಅಲ್ಲಿದ್ದರು. ಗ್ರಂಥಾಲಯವೆಂಬ ಪದ ನಮಗೆ ಸಾಕಾಗಿದೆ, ನಿಜ. ಆದರೆ ಗ್ರಂಥಪಾಲಕನನ್ನು ಸರಸ್ವತಿಯ ಭಂಡಾರವನ್ನು ಕಾಯುವವನೆಂದು ಕರೆದ ಕಾಲದಲ್ಲಿ ಆ ಹುದ್ದೆಗೆ ಎಷ್ಟು ಗೌರವವಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ದೇವಸ್ಥಾನಕ್ಕೂ ಮಠಕ್ಕೂ ದತ್ತಿ ಬಿಡುವಾಗ ಬಳಸುವ ಪದಗಳು ಬೇರೆಯೇ ಒಂದು ಗುಂಪು. ದೇವರ ಪೂಜೆಯ ವೆಚ್ಚ ಅಂಗಭೋಗ. ಗೀತನೃತ್ಯಾದಿಗಳ ವೆಚ್ಚ ರಂಗಭೋಗ. ಒಡೆದು ಹಾಳಾದುದನ್ನು ಸರಿಪಡಿಸುವುದು ಖಂಡಸ್ಫುಟಿತ ಜೀರ್ಣೋದ್ಧಾರ. ತೆರಿಗೆಯಿಲ್ಲದ ಭೂಮಿ ಸರ್ವಮಾನ್ಯ. ಭೂಮಿಯೊಡನೆ ಸಲ್ಲುವ ಎಂಟು ಹಕ್ಕುಗಳಿಗೆ ಅಷ್ಟಭೋಗವೆಂದು ಹೆಸರು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ವಾಚಕರು ತಮ್ಮ ಮನೆಯ ಹಳೆಯ ಕ್ರಯಪತ್ರಗಳನ್ನು ತೆಗೆದು ನೋಡಿದರೆ ಇದೇ ಪದಗಳು ಅಲ್ಲಿ ಸಿಕ್ಕುವುದುಂಟು.

ದತ್ತಿಯನ್ನು ಕೊಡುವ ಕ್ರಮವನ್ನು ಶಾಸನಗಳು 'ಕಾಲಂ ಕರ್ಚಿ ಧಾರಾಪೂರ್ವಕಂ' ಎಂದು ಹೇಳುತ್ತವೆ. ಆಚಾರ್ಯನ ಕಾಲನ್ನು ತೊಳೆದು, ನೀರನ್ನು ಧಾರೆಯೆರೆದು ಎಂದರ್ಥ. ಇಲ್ಲಿಯ ಕರ್ಚು ಎಂಬ ಕ್ರಿಯಾಪದವೇ ಬಾಳ್ಗಚ್ಚಿನಲ್ಲಿಯೂ ಇದೆ. ಅರಸನು ವೀರನ ಕತ್ತಿಯನ್ನು ತೊಳೆದು ನೆಲ ಕೊಟ್ಟ; ಅದೇ ಅರಸನು ಗುರುವಿನ ಪಾದವನ್ನು ತೊಳೆದು ನೆಲ ಕೊಟ್ಟ. ಕೋಟೆಯ ಧರ್ಮಕ್ಕೂ ಮಠದ ಧರ್ಮಕ್ಕೂ ಮಧ್ಯೆ ಒಂದು ಗಿಂಡಿ ನೀರಿತ್ತು. ಆ ಎರಡನ್ನೂ ಒಂದೇ ಕ್ರಿಯಾಪದವು ಜೋಡಿಸಿತ್ತು.

ಹನ್ನೆರಡನೆಯ ಶತಮಾನದ ಶರಣರು ಈ ಪದಗಳಿಗೆಲ್ಲ ಹೊಸ ತಿರುವನ್ನು ಕೊಟ್ಟರು. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಸುಂಕದ ಬಂಕಣ್ಣ, ಬೊಕ್ಕಸದ ಚಿಕ್ಕಣ್ಣ, ರಾಯಸದ ಮಂಚಣ್ಣ, ತಳವಾರ ಕಾಮಿದೇವಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಈ ಹೆಸರುಗಳನ್ನು ಸಾಲಾಗಿ ಓದಿದರೆ ಸುಂಕದ ಕಟ್ಟೆ, ಬೊಕ್ಕಸ, ರಾಯಸ, ಕಾವಲು, ವೀಳ್ಯ, ದನಗಾಹಿತನ ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಆ ಹುದ್ದೆಯ ಹೆಸರು ಅವರಿಗೆ ನಾಚಿಕೆಯಾಗಲಿಲ್ಲ, ಕಾಯಕವಾಯಿತು. ಆಳು, ಬಂಟ, ಲೆಂಕ, ಡಿಂಗರಿಗ ಎಂಬ ಸೇವಕವಾಚಿ ಪದಗಳನ್ನು ಅವರು ಉಳಿಸಿಕೊಂಡರು. ಆದರೆ ಒಡೆಯನನ್ನು ಬದಲಿಸಿದರು. ಮನುಷ್ಯನಿಗೆ ಮನುಷ್ಯನು ಲೆಂಕನಾಗಿ ತಲೆ ಕೊಡುತ್ತಿದ್ದ ನಾಡಿನಲ್ಲಿ, ಒಡೆಯನು ಶಿವನೊಬ್ಬನೇ ಎಂದು ಹೇಳುವುದು ಎಷ್ಟು ದೊಡ್ಡ ಮಾತೆಂಬುದು ಲೆಂಕನೆಂಬ ಪದದ ಹಳೆಯ ಅರ್ಥ ತಿಳಿದವನಿಗೆ ಮಾತ್ರ ಹೊಳೆಯುತ್ತದೆ.

೫. ಪದವಳಿದರೆ

ಭೂದತ್ತಿಗಳ ಕಾಲ ಮುಗಿಯಿತು. ಸ್ವಾತಂತ್ರ್ಯಾನಂತರ ೧೯೫೪ ಮತ್ತು ೧೯೫೫ರ ಇನಾಮು ರದ್ದಿಯಾತಿ ಕಾಯಿದೆಗಳು, ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ, ಇವು ಹಳೆಯ ಹಕ್ಕುಗಳನ್ನು ತೆಗೆದುಹಾಕಿದವು. ಅದು ಆಗಬೇಕಾದದ್ದೇ. ವಂಶಪಾರಂಪರ್ಯದ ಒಡೆತನ ಹೋಯಿತೆಂದು ದುಃಖಿಸುವವನು ನಾನಲ್ಲ. ಆದರೆ ಹಕ್ಕು ಹೋದ ಮೇಲೆ ಪದಗಳಿಗೆ ಆಸರೆ ಇಲ್ಲದಾಯಿತು. ಕಂದಾಯದ ಕಡತದಲ್ಲಿ ಹೊಲಕ್ಕೆ ಸಂಖ್ಯೆ ಬಂದಿತು, ಹೆಸರು ಹಿರಿಯರ ನಾಲಗೆಯಲ್ಲಿ ಮಾತ್ರ ಉಳಿಯಿತು.

ಈಗ ಕೊಡಗಿ ಹೊಲದ ಕಥೆಯ ಉಳಿದ ಭಾಗ. ಆ ಪ್ರಶ್ನೆ ಕೇಳಿದ ಹುಡುಗ ಶಾಲೆ ಬಿಟ್ಟು ಹನ್ನೆರಡು ವರ್ಷಗಳಾದ ಮೇಲೆ, ಶಾಸನ ಸಂಪುಟವೊಂದನ್ನು ಓದುತ್ತಿದ್ದ ನನಗೆ 'ನೆತ್ತರುಗೊಡಗೆ' ಎಂಬ ಪದ ಎದುರಾಯಿತು. ಅದನ್ನು ಅದಕ್ಕೆ ಮೊದಲೂ ಓದಿದ್ದೆ. ಪರೀಕ್ಷೆಗಾಗಿ ಬಾಯಿಪಾಠವನ್ನೂ ಮಾಡಿದ್ದೆ. ಆದರೆ ಆ ದಿನ ಕೊಡಗಿ ಹೊಲ ನೆನಪಾಯಿತು. ಮರುದಿನವೇ ಆ ಊರಿಗೆ ಹೋದೆ. ಹೊಲದಲ್ಲಿ ಕಲ್ಲೇನಾದರೂ ಇತ್ತೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಗೊಂಬೆ ಕಲ್ಲು ಇತ್ತು, ಗುರುಗಳೆ. ನಮ್ಮ ಅಜ್ಜ ವರ್ಷಕ್ಕೊಮ್ಮೆ ಎಡೆ ಮಾಡುತ್ತಿದ್ದ. ಅಜ್ಜ ತೀರಿದ ಮೇಲೆ, ಇದು ನಮ್ಮದಲ್ಲ, ಕೊಡಗಿನವರದು ಎಂದು ಅಪ್ಪನಿಗೆ ನಾನೇ ಹೇಳಿದೆ. ಕಾಲುವೆ ದಾಟುವುದಕ್ಕೆ ಅಡ್ಡ ಹಾಕಿಬಿಟ್ಟೆವು" ಎಂದ. ನಾನು ತರಗತಿಯಲ್ಲಿ ಹೇಳಿದ ಒಂದು ಮಾತು ಆ ಮನೆಯ ಪೂಜೆಯನ್ನು ನಿಲ್ಲಿಸಿತ್ತು.

ನಾಲ್ಕು ಜನ ಸೇರಿ ಕಲ್ಲನ್ನು ಮಗುಚಿದೆವು. ಕೆಸರಿನಡಿಯಲ್ಲಿ ಮೂರು ಅಂಕಣದ ವೀರಗಲ್ಲು. ಕೆಳಗೆ ಹಸುಗಳು ಮತ್ತು ಬಿಲ್ಲು ಹಿಡಿದವನು, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅಂಕಣಗಳ ನಡುವಿನ ಬರಹದ ಮೇಲೆ ಎಷ್ಟೋ ಕಾಲುಗಳು, ಎಷ್ಟೋ ಬಂಡಿಯ ಗಾಲಿಗಳು ಹಾದುಹೋಗಿರಲಿಲ್ಲವಾದರೂ, ನೀರಿನ ಹರಿವಿಗೆ ಅಕ್ಷರಗಳು ಸವೆದಿದ್ದವು. ಸತ್ತವನ ಹೆಸರು ಹೋಗಿತ್ತು. 'ತುರು' ಎಂಬ ಎರಡಕ್ಷರ, ಕೊನೆಯ ಸಾಲಿನಲ್ಲಿ 'ಗೊಡಗೆ' ಎಂಬ ಮೂರಕ್ಷರ ಮಾತ್ರ ಉಳಿದಿದ್ದವು. ಆ ಗೃಹಸ್ಥನು ಕೊಡದಲ್ಲಿ ನೀರು ತಂದು ಕಲ್ಲನ್ನು ತೊಳೆದ. ನಾನು ಅವನಿಗೆ ಪದದ ಅರ್ಥವನ್ನು ಹೇಳಿ, ನನ್ನ ತಪ್ಪನ್ನೂ ಒಪ್ಪಿಕೊಂಡೆ. ಅವನು, "ಹಾಗಾದರೆ ಇವನು ನಮ್ಮವನೇ" ಎಂದಷ್ಟೇ ಅಂದ. ಕಲ್ಲು ಈಗ ಹೊಲದ ಬದುವಿನ ಮೇಲೆ ನೆಟ್ಟಗೆ ನಿಂತಿದೆ. ಹೋದ ಹೆಸರು ಮಾತ್ರ ಮರಳಿ ಬರುವಂತಿಲ್ಲ.

ಮಾನ್ಯ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೆ. ತಿಳಿಯದ ಪದವನ್ನು ವಿದ್ಯಾರ್ಥಿ ಕೇಳಿದಾಗ, ತಿಳಿಯದು, ನೋಡಿ ಹೇಳುತ್ತೇನೆ ಎನ್ನುವುದು ಅವಮಾನವಲ್ಲ. ನೋಡುವುದಕ್ಕೆ ನಮಗೆ ಸಾಧನಗಳ ಕೊರತೆಯೂ ಇಲ್ಲ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಬೃಹನ್ನಿಘಂಟು, ರೈಸ್ ಅವರು ೧೮೮೬ರಲ್ಲಿ ಮೊದಲು ಮಾಡಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು, ಇವು ಪ್ರತಿ ಪ್ರೌಢಶಾಲೆಯ ಸರಸ್ವತೀ ಭಂಡಾರದಲ್ಲಿರಬೇಕು. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಇವಕ್ಕೂ ಕೊಟ್ಟರೆ ಅದೂ ವಿದ್ಯಾದಾನವೇ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹೊಲ, ಕೆರೆ, ಕಟ್ಟೆ, ಬಾಗಿಲುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು ಕಳುಹಿಸಿದರೆ, ಮುಂದಿನ ಸಂಪುಟದಲ್ಲಿ ಅವನ್ನು ಅರ್ಥಸಹಿತ ಮುದ್ರಿಸಲು ಸಂಪಾದಕರು ಒಪ್ಪಿದ್ದಾರೆ. ಕೇಳಬೇಕಾದ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ನಡೆಯಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ.